ಮೆತ್ತಗೆ ಓಡುವುದು

ಬಂದರಿನ ಹಿಂದಿನ ಗಲ್ಲಿಯಲ್ಲಿ, ಒಣಮೀನಿನ ಗೋದಾಮಿಗೆ ತಾಗಿ
ಹಸನಬ್ಬನ ಅಂಗಡಿ. ಅಲ್ಲಿ ಕಡಲು ಬಿಡಿಬಿಡಿಯಾಗಿ ಸಿಗುತ್ತದೆ:
ಉಪ್ಪು ಬಕೆಟ್ಟಿನಲ್ಲಿ, ಅಲೆ ರಟ್ಟಿನ ಪೆಟ್ಟಿಗೆಯಲ್ಲಿ,
ಒಂದು ವರ್ಷದ ಗ್ಯಾರಂಟಿ ಸಹಿತ.

"ಗಂಟೆಗೆ ಹನ್ನೆರಡು ಸಾವಿರ ಲೀಟರು!" ಅಂದ ಅವನ ಹುಡುಗ,
ಬೈಕು ಮಾರುವವನ ಹಾಗೆ.
ಮೂವತ್ತೊಂದು ವರ್ಷ ಬಂದರು ಇಲಾಖೆಯಲ್ಲಿ
ನೀರನ್ನೇ ಅಳೆದವಳು ನಾನು, ಬೆನೆಡಿಕ್ಟಾ ಲೋಬೊ.
ಉಬ್ಬರ ಇಳಿತದ ಪುಸ್ತಕಗಳಲ್ಲಿ ನನ್ನ ಸಹಿ ಉಂಟು.
ಲೀಟರಿಗೆ ಮರುಳಾಗುವ ಪ್ರಾಯ ಅಲ್ಲ.

"ಎಷ್ಟು ಜೋರು ಅಂತ ಕೇಳಿಲ್ಲ ಮಗಾ.
ಎಷ್ಟು ಮೆತ್ತಗೆ ಓಡುತ್ತದೆ, ಹೇಳು."
ಹುಡುಗ ಪೆಟ್ಟಿಗೆಯ ನಾಲ್ಕೂ ಬದಿ ತಿರುಗಿಸಿ ನೋಡಿದ.
ಅದನ್ನು ಯಾರೂ ಅಚ್ಚು ಹಾಕಿರಲಿಲ್ಲ.

ಹಳೆಯ ಪಂಪಿಗೆ ಒಂದೇ ಮಾತು ಗೊತ್ತಿತ್ತು.
ಸ್ವಿಚ್ಚು ಹಾಕಿದರೆ ಒಂದೇ ದಿಕ್ಕಿಗೆ, ಒಂದೇ ಸಮ,
ಖಜಾನೆ ಕಚೇರಿಯ ಫ್ಯಾನಿನಂತೆ.
ಎದುರಿಗಿದ್ದ ಹವಳ ಒಂದು ಬದಿಯ ಮೈ ಕಳಚಿಕೊಂಡು
ಬಿಳೀ ಎಲುಬು ತೋರಿಸಿತು. ಬಂಡೆಯ ಹಿಂದಿನದು
ಆಟಿ ತಿಂಗಳ ಗೋಡೆಯಂತೆ ಪಾಚಿ ಹಿಡಿಯಿತು.
ಮರಳೋ, ಎಡ ಮೂಲೆಯಲ್ಲಿ ಗುಡ್ಡೆ, ಬಲಕ್ಕೆ ಬರೀ ಗಾಜು.
ಆ ಬರೀ ಗಾಜು ನೋಡಿ ನನಗೆ ಉಳ್ಳಾಲ ನೆನಪಾಯಿತು.

ಅಲ್ಲಿ ಕಲ್ಲು ಸುರಿಸಿದ ವರ್ಷ ಲಾರಿಗಳ ಲೆಕ್ಕ ನನ್ನದು.
ಇಲ್ಲಿ ತಡೆದ ನೀರು ಅಲ್ಲಿ ಹೋಗಿ ತಿಂದಿತು:
ಮೊದಲು ಅಪ್ಪಿಯಕ್ಕನ ಬಚ್ಚಲು, ಆಮೇಲೆ ಏಳು ತೆಂಗು,
ಆಮೇಲೆ ರಸ್ತೆಯ ಡಾಂಬರು, ಹಪ್ಪಳ ಮುರಿದ ಹಾಗೆ.
"ನಿಮ್ಮ ಕಲ್ಲು ಬರುವ ಮೊದಲು ಇಲ್ಲಿ ಮನೆ ಇತ್ತು ಮೇಡಂ,"
ಅಂದಳು, ಸಿಟ್ಟಿಲ್ಲದೆ, ಬಂಗುಡೆಯ ರೇಟು ಹೇಳುವಂತೆ.
ಆ ದಿನದ ವರದಿಯಲ್ಲಿ ನಾನು ಬರೆದದ್ದು:
ಕಾಮಗಾರಿ ತೃಪ್ತಿಕರ.

ಹಸನಬ್ಬ ಚಹಾ ಮುಗಿಸಿ ಬಂದ. ಬಕೆಟ್ಟಿಗೆ ನೀರು ತುಂಬಿ
ಒಂದೊಂದೇ ಪಂಪು ಇಳಿಸಿದ.
ಗುಂಡಿ ತಿರುಗಿಸುತ್ತ ಹತ್ತರಿಂದ ಕೆಳಗೆ ಬಂದೆವು.
ಒಂದು ಐದಕ್ಕೆ ಕೆಮ್ಮಿತು. ಒಂದು ಮೂರಕ್ಕೆ ಸತ್ತಿತು.
ಇನ್ನೊಂದರೊಳಗೆ ಕಲ್ಲು ಹೊಕ್ಕ ಮಿಕ್ಸಿಯ ಸದ್ದು.
ನಾಲ್ಕನೆಯದು ಒಂದರಲ್ಲೂ ಓಡಿತು.
ತೇಲಿಬಿಟ್ಟ ಪುದೀನ ಎಲೆ ಅರ್ಧ ಸುತ್ತು ಹೋಗಿ,
ನಿಂತು, ಏನೋ ಮರೆತವರಂತೆ ಹಿಂದಕ್ಕೆ ಬಂತು.
"ಜೋರು ಓಡಲು ಎಲ್ಲ ಪಂಪಿಗೂ ಬರುತ್ತದೆ ಬಾಯಮ್ಮ,"
ಅಂದ ಹಸನಬ್ಬ. ಮುಂದಿನದನ್ನು ಹೇಳಲಿಲ್ಲ, ಬಿಲ್ಲು ಬರೆದ.

ದೊಡ್ಡದೊಂದರ ದುಡ್ಡಿಗೆ ಸಣ್ಣದು ಎರಡು.
ಎದುರುಬದುರು ಗಾಜಿಗೆ ಆಯಸ್ಕಾಂತದಿಂದ ಅಂಟಿಸಿ
ಒಂದು ಏರುವಾಗ ಇನ್ನೊಂದು ಇಳಿಯುವಂತೆ ಹೊಂದಿಸಿದೆ.
ನಡುವೆ, ಎರಡೂ ನೀರು ಡಿಕ್ಕಿ ಹೊಡೆದು ದಾರಿ ತಪ್ಪುವಲ್ಲಿ
ಬೆರಳು ಬೆರಳಿನ ಹವಳ. ದಾರಿ ತಪ್ಪಿದ ನೀರೇ ಬೇಕು ಅದಕ್ಕೆ.
ಊಟದ ಹತ್ತು ನಿಮಿಷ ಎಲ್ಲ ನಿಲ್ಲುತ್ತದೆ,
ಸೀಗಡಿಯ ಚೂರು ಗಡಿಬಿಡಿಯಿಲ್ಲದೆ ಇಳಿಯುತ್ತದೆ.
ರಾತ್ರಿಗೆ ಬೇರೆಯೇ ಸಂಖ್ಯೆ.

ಕೆಳಮನೆಯ ವಾರಿಜಕ್ಕ ಮೆಟ್ಟಿಲಲ್ಲಿ ಸಿಕ್ಕಿ ಕೇಳಿದಳು:
"ನಿಮ್ಮ ಗ್ರೈಂಡರ್ ರಿಪೇರಿ ಆಯ್ತಾ? ಈಗ ಸದ್ದೇ ಇಲ್ಲ."
"ಗ್ರೈಂಡರ್ ಅಲ್ಲ ಮಾರಾಯ್ತಿ, ಕಡಲು."
ಅವಳು ಬಿಜೈಯ ಮಾಡುಗಳಾಚೆ ಪಡುವಣಕ್ಕೆ ನೋಡಿದಳು.
ಅದು ಅಲ್ಲೇ ಇತ್ತು, ಜೂನ್ ತಿಂಗಳದ್ದು,
ಗುಂಡಿಯಿಲ್ಲದೆ.

ದಿನಾ ಹತ್ತು ಗಂಟೆಗೆ ಮಾರ್ಕರ್ ಪೆನ್ನಿನಿಂದ
ಗಾಜಿನ ಮೇಲೆ ಮರಳಿನ ಗೆರೆ ಎಳೆಯುತ್ತೇನೆ, ತಾರೀಕು ಹಾಕಿ.
ಎಡದ ಪಂಪು ನಾಲ್ಕರಿಂದ ಮೂರಕ್ಕೆ.
ಹನ್ನೆರಡನೆಯ ದಿನ: ಗುಡ್ಡೆ ಅರ್ಧ ಬೆರಳು ಇಳಿದಿದೆ.
ಬಲ ಮೂಲೆಯಲ್ಲಿ ಗಾಜು ಇನ್ನೂ ಕಾಣುತ್ತದೆ.
ಹಾಗೆಂದೇ ಬರೆದಿದ್ದೇನೆ.