ಕೊಯ್ದ ಮುಖ

ಪಣಂಬೂರಿನ ಈ ಕೋಣೆಗೆ ಒಂದೇ ಕಿಟಕಿ,
ಅದಕ್ಕೂ ಅದಿರಿನ ಧೂಳಿನ ಪರದೆ.
ಆಚೆ ಹಡಗೊಂದು ಹೊಟ್ಟೆ ತೆರೆದು ನಿಂತಿದೆ,
ಈಚೆ ನನ್ನ ಕೈಯಲ್ಲಿ ಒಂದು ಚಮಚ ಪುಡಿ.

ರಾಳದಲ್ಲಿ ಕಲಸಿ ಅಚ್ಚಿಗೆ ಹೊಯ್ದು
ರಾತ್ರಿ ಗಟ್ಟಿಯಾಗಲಿಕ್ಕೆ ಬಿಟ್ಟು
ಬೆಳಿಗ್ಗೆ ಉಜ್ಜಲು ಕೂರುತ್ತೇನೆ:
ಇನ್ನೂರನಲ್ವತ್ತರ ಕಾಗದ, ಆರುನೂರರದು, ಸಾವಿರದಿನ್ನೂರರದು,
ಕೊನೆಗೆ ಬಟ್ಟೆಯ ಮೇಲೆ ವಜ್ರದ ಲೇಪ.
ನಾನು ಮುಟ್ಟಿದ ವಜ್ರ ಅದೊಂದೇ,
ಟ್ಯೂಬಿನಲ್ಲಿ ಬರುತ್ತದೆ, ಹಲ್ಲಿನ ಪೇಸ್ಟಿನ ಹಾಗೆ.
ಬೆರಳ ಗೆರೆಗಳು ಸವೆದು
ಗೇಟಿನ ಹಾಜರಿ ಯಂತ್ರಕ್ಕೆ ನನ್ನ ಗುರುತು ಹತ್ತುವುದಿಲ್ಲ.

ಮಸೂರದ ಕೆಳಗೆ ಮ್ಯಾಗ್ನಟೈಟ್ ಮಾಸಲು ಕಂದು,
ಹೆಮಟೈಟ್ ಬೆಳ್ಳಗೆ,
ಕ್ವಾರ್ಟ್ಜ್ ಆಟಿ ತಿಂಗಳ ಕಡಲಿನ ಬಣ್ಣ.
ಕೆಲವು ಕಣ ಒಂಟಿ.
ಕೆಲವು ಒಂದನ್ನೊಂದು ಕಚ್ಚಿ ಹಿಡಿದವು,
ಗಿರಣಿಗೂ ಬಗ್ಗದ ಜೋಡಿ.
ಎಡಗೈಯಲ್ಲಿ ಎಣಿಕೆಯ ಗುಂಡಿ:
ಬಿಡಿ, ಬಿಡಿ, ಬೆರಕೆ, ಬಿಡಿ,
ಸಾವಿರ ಮುಟ್ಟುವ ತನಕ ಚಹಾ ಇಲ್ಲ.

ಮೊದಲ ವರ್ಷ ಸೆವರಿನ್ ಸರ್ ಹೇಳಿದ್ದರು,
"ನೀನು ನೋಡುವುದು ಕೊಯ್ದ ಮುಖ ಮಾರಾಯ್ತಿ, ಕಣ ಅಲ್ಲ."
ನನಗೆ ಎಂತದೂ ಅರ್ಥವಾಗಲಿಲ್ಲ.
ಅರ್ಥ ಮಾಡಿಸಿದ್ದು ನನ್ನಪ್ಪೆ ಸೇಸಿ,
ಬಂದರಿನಲ್ಲಿ ನಲ್ವತ್ತು ವರ್ಷ ಅಂಜಲ್ ಕೊಯ್ದವಳು.
ಒಂದೇ ತುಂಡು ನೋಡಿ ಇಡೀ ಮೀನು ಹೇಳಬಹುದಾ ಎಂದರೆ
ಕತ್ತಿ ನಿಲ್ಲಿಸದೆಯೇ ನಕ್ಕಳು:
"ಮುಳ್ಳು ಕಾಣದ ತುಂಡು ಹಿಡಿದು
ಮೀನಿಗೆ ಮುಳ್ಳೇ ಇರಲಿಲ್ಲ ಅಂತೀಯಾ?"

ಅಷ್ಟೇ.
ಶುದ್ಧ ಕಣವನ್ನು ಎಲ್ಲಿ ಕೊಯ್ದರೂ ಶುದ್ಧವೇ.
ಬೆರಕೆಯದು ಮಾತ್ರ
ಒಮ್ಮೊಮ್ಮೆ ಒಳ್ಳೆಯ ಬದಿ ತೋರಿಸಿ ಪಾರಾಗುತ್ತದೆ.
ಹಾಗಾಗಿ ನಮ್ಮ ತಪ್ಪಿಗೆ ಒಂದೇ ದಿಕ್ಕು:
ನಾವು ಎಣಿಸಿದ ಬಿಡುಗಡೆ
ಇರುವುದಕ್ಕಿಂತ ಯಾವಾಗಲೂ ತುಸು ಹೆಚ್ಚು.

ಈಗ ಶಮ್ನಾ ಬಂದಿದ್ದಾಳೆ, ಸುರತ್ಕಲ್ಲಿನಲ್ಲಿ ಓದಿದವಳು.
ಅವಳ ಕಂಪ್ಯೂಟರಿನಲ್ಲಿ ಎಲ್ಲೂ ಇಲ್ಲದ ಲಕ್ಷ ಕಣ ಹುಟ್ಟುತ್ತವೆ,
ಅಲ್ಲೇ ಒಡೆಯುತ್ತವೆ, ಅಲ್ಲೇ ಕೊಯ್ಸಿಕೊಳ್ಳುತ್ತವೆ,
ನನ್ನ ಸಾವಿರದ ಪಕ್ಕ ನಿಂತು ಮುಖ ಹೋಲಿಸುತ್ತವೆ.
ಎಪ್ಪತ್ತೈದು ಮೈಕ್ರಾನಿಗೆ ಅರೆದರೆ ನೂರಕ್ಕೆ ಇಷ್ಟು ಬಿಡಿ,
ನಲ್ವತ್ತೈದಕ್ಕೆ ಇಷ್ಟು,
ಕರೆಂಟು ಬಿಲ್ಲು ಇಷ್ಟು ಎನ್ನುತ್ತಾಳೆ.
ಅರೆಯದ ಕಲ್ಲಿನ ಜಾತಕ.
ಬಹಳ ಸಲ ಸರಿಯೂ ಆಗುತ್ತದೆ, ಸುಳ್ಳೇಕೆ.

ಸೆವರಿನ್ ಸರ್ ನಿವೃತ್ತಿಯ ಹಿಂದಿನ ಮಳೆಗಾಲ
ಬಿಲ್ಲೆಯೊಂದನ್ನು ಆರಿಸಿ, ಅದರಲ್ಲೊಂದು ಕಣ ಗುರುತು ಹಾಕಿ
ದಿನಕ್ಕೆ ಎರಡೆರಡು ಮೈಕ್ರಾನು ಉಜ್ಜುತ್ತ ಹೋದರು.
ಹನ್ನೊಂದು ದಿನ ಅಪ್ಪಟ ಮ್ಯಾಗ್ನಟೈಟ್.
ಹನ್ನೆರಡನೆಯ ದಿನ ಅಂಚಿನಲ್ಲಿ ಕ್ವಾರ್ಟ್ಜಿನ ಎಳೆ,
ಹದಿನೈದಕ್ಕೆ ಅರ್ಧ ಮುಖ.
ಮೂವತ್ತನೆಯ ದಿನ ನನ್ನನ್ನು ಕರೆದು ತೋರಿಸಿದರು:
ಬರೀ ರಾಳ.
"ಈಗ ಪೂರ್ತಿ ಗೊತ್ತಾಯಿತು," ಎಂದರು,
ಕನ್ನಡಕ ಒರೆಸಿಕೊಂಡು.

ಹಡಗು ಕೂಗುತ್ತಿದೆ. ವರದಿಗೆ ಒಂದು ಅಂಕಿ ಬೇಕು.
ನನ್ನ ಎಣಿಕೆ ಎಂಬತ್ತೇಳು, ಶಮ್ನಾಳ ತಿದ್ದುಪಡಿ ಎಪ್ಪತ್ತೊಂಬತ್ತು.
ಎಪ್ಪತ್ತೊಂಬತ್ತು ಬರೆದು, ಅದರ ಹಿಂದೆ
ಯಾರೂ ಕೇಳದ ಒಂದು ಮಾತು ಸೇರಿಸುತ್ತೇನೆ: ಹೆಚ್ಚೆಂದರೆ.

ಸಂಜೆ ಗೇಟಿನಲ್ಲಿ ಹೆಬ್ಬೆರಳು ಒತ್ತಿದರೆ ಯಂತ್ರ ಒಪ್ಪುವುದಿಲ್ಲ.
ಸೆರಗಿಗೆ ಒರೆಸಿ
ಸ್ವಲ್ಪ ಓರೆಯಾಗಿ, ಇನ್ನೊಂದು ಬದಿ ಒತ್ತುತ್ತೇನೆ.