ಇಕ್ಕಿದೋಳು

ಮಂಡ್ಯದ ಹೆಣ್ಣುಮಕ್ಕಳ ಕಾಲೇಜು, ಮೂರನೇ ಪೀರಿಯಡ್ಡು.
ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ.
ಹೊರಗೆ ಕಬ್ಬು ಹೊತ್ತ ಟ್ರ್ಯಾಕ್ಟರು ಕೆಮ್ಮುತ್ತ ಮಿಲ್ಲಿನ ಕಡೆ.
ನಾನು ಹಿಮದ ಪಾಠ ಮಾಡುತ್ತಿದ್ದೇನೆ.

ಕಡಲಾಚೆಯ ಕಾಡು. ಮುನ್ನೂರು ವರ್ಷದ ಮೇಲಾಯಿತು.
ಒಬ್ಬ ಬಡಗಿಯ ಹೆಂಡತಿ ಸೆರೆ ಸಿಕ್ಕಳು.
ನಡೆಸಿದರು, ನಡೆಸಿದರು,
ಕಾಲ ಕಿರುಬೆರಳು ಕಪ್ಪಗಾಗಿ ಉದುರುವ ತನಕ.
ರಾತ್ರಿಯೆಲ್ಲ ತನ್ನ ಪಾಪಗಳನ್ನೇ ಎಣಿಸಿದಳು:
ಪ್ರಾರ್ಥನೆಯ ದಿನ ತೂಕಡಿಸಿದ್ದು,
ನೆರೆಯವಳ ಲೇಸು ಕಂಡು ಹೊಟ್ಟೆ ಉರಿದದ್ದು.
ಇದು ದೇವರ ಪೆಟ್ಟು, ಸರಿಯಾಗಿಯೇ ಬಿದ್ದಿದೆ, ಅಂದುಕೊಂಡಳು.
ಹತ್ತನೇ ದಿನ ಹಸಿವು ದೇವರಿಗಿಂತ ದೊಡ್ಡದಾಯಿತು.
ಯಾರೋ ಒಬ್ಬಳು ಮುಸುಕಿನ ಜೋಳದ ಅಂಬಲಿ ಕೊಟ್ಟಳು.
ಬಿಡುಗಡೆಯಾಗಿ ಮನೆಗೆ ಬಂದು ಬರೆದಳು:
ಕರ್ತನೇ ನನಗೆ ಉಣಿಸಿದ.

ಹಿಂದಿನ ಬೆಂಚು. ಪಾಲಹಳ್ಳಿಯ ತನುಜಾ ಎದ್ದಳು:
"ಮಿಸ್, ಅಂಬ್ಲಿ ಇಕ್ಕಿದೋಳ್ ಹೆಸ್ರೇನು?"

ಪುಟ ತಿರುವಿದೆ. ಹಿಂದಕ್ಕೂ ತಿರುವಿದೆ.
'ಆ ಕಾಡಿನವರಲ್ಲಿ ಒಬ್ಬಳು.' ಅಷ್ಟೇ.
"ಪರೀಕ್ಷೆಗೆ ಬರಲ್ಲ, ಕೂತ್ಕೊ."
ಕ್ಲಾಸು ನಕ್ಕಿತು. ನಾನೂ.

ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋದೆ, ಒಬ್ಬಳೇ.
ಮೆಟ್ಟಿಲಿಳಿದರೆ ಸುಣ್ಣ ಬಳಿದ ಕಮಾನು, ಬಾವಲಿ ವಾಸನೆ,
ಗೋಡೆಯಿಂದ ಚಾಚಿದ ಕಲ್ಲುಗಳು,
ಒಂದೊಂದಕ್ಕೂ ಸರಪಳಿ ಪೋಣಿಸುವ ತೂತು.
ಒಬ್ಬ ಹುಡುಗ ಕಲ್ಲಿಗೆ ಕೈ ಒಡ್ಡಿ ನಾಲಿಗೆ ಚಾಚಿ ಫೋಟೋ ಹಿಡಿಸಿಕೊಂಡ.
ಅವನು ಹೋದ ಮೇಲೆ ನಾನೂ ಒಡ್ಡಿದೆ.
ಭುಜ ಸೇದಿತು.
ಇಲ್ಲಿಂದ ಬದುಕಿ ಹೋದ ಬಿಳಿಯರೂ ಬರೆದರಂತಲ್ಲ,
ಬೇಡಿಯ ತೂಕ, ಹೇನಿನ ಕಾಟ, ಕತ್ತಲಲ್ಲಿ ಹೊಳೆಯ ಸದ್ದು.
ಮೂಗಿಗೆ ಹೊಳೆ ಸಿಗುತ್ತಿತ್ತು, ಕಣ್ಣಿಗಲ್ಲ.

ಸೋಮವಾರ ಕಾರಿಡಾರಿನಲ್ಲಿ ಹೇಳಿದೆ, ಹೋಗಿದ್ದೆ ಅಂತ.
ತನುಜಾ ಬ್ಯಾಗಿನ ಜಿಪ್ಪು ಎಳೆಯುತ್ತ, ತೆಗೆಯುತ್ತ:
"ನಮ್ಮಜ್ಜಿ ಏಳ್ತಿತ್ತು ಮಿಸ್, ಸುಳ್ಳೋ ನಿಜ್ವೋ.
ನಮ್ ವಂಸ್ದೋಳ್ ಒಬ್ಳು ಕೋಟೆಗೆ ಇಟ್ಟು ಒರ್ತಿದ್ಳಂತೆ.
ಒಬ್ಬ ಬಿಳೀ ಉಡ್ಗ, ಮೀಸೆನೂ ಬಂದಿಲ್ಲ,
ಮುದ್ದೆ ಅಗ್ದು ಅಗ್ದು ಅಳ್ತಿದ್ನಂತೆ.
ಇವ್ಳು ಅವ್ನ ಗಂಟ್ಲು ಮುಟ್ಟಿ ತೋರ್ಸುದ್ಳಂತೆ,
ನುಂಗ್ಬೇಕು ಕಣಪ್ಪ, ಅಗೀಬಾರ್ದು."

"ಕೂಲಿಗೆ ಹೊರುತ್ತಿದ್ದಳೋ, ಬಿಟ್ಟಿಗೋ?"

"ಬಿಟ್ಟಿಗೇ. ಕೂಲಿ ಯಾರ್ ಕೊಡ್ತಿದ್ರು ಆಗ."

"ಅವಳ ಹೆಸರು?"

ಜಿಪ್ಪು ನಿಂತಿತು.
"ಅದು ಅಜ್ಜಿಗೂ ಗೊತ್ತಿರ್ನಿಲ್ಲ ಮಿಸ್.
ಇಟ್ಟಿನೋಳು ಅಂತಿದ್ರಂತೆ."

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದೆ.
ಎರಡು ಚಪಾತಿ, ಹುರುಳಿಕಾಯಿ ಪಲ್ಯ.
ಬೆಲ್ಲು ಹೊಡೆಯಿತು, ಎಲ್ಲರೂ ಎದ್ದು ಹೋದರು.
ಮೊದಲ ತುತ್ತನ್ನೇ ಇನ್ನೂ
ಅಗಿಯುತ್ತ ಕೂತಿದ್ದೆ.