ಯಾರ ಪೈಕಿ

ಕಪನೂರಿನ ಈ ಬೇಳೆ ಮಿಲ್ಲಿನಲ್ಲಿ ಎ.ಸಿ. ಇರುವುದು ಎರಡೇ ಕೋಣೆಗೆ:
ಒಂದು ಸಾಹುಕಾರರದು, ಇನ್ನೊಂದು ಈ ಕರಿ ಪೆಟ್ಟಿಗೆಯದು.
ಏಪ್ರಿಲ್ ಹದಿನೇಳು. ಹೊರಗೆ ನಲವತ್ತಮೂರು ಡಿಗ್ರಿ.
ಶಹಾಬಾದ್ ಫರಸಿಯ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದೇನೆ,
ಮಡಿಲಲ್ಲಿ ಕೀಬೋರ್ಡು. ಫ್ಯಾನಿನ ಜಾಳಿಗೆಯಲ್ಲಿ
ಆಗಲೇ ತೊಗರಿ ಹೊಟ್ಟಿನ ಹಳದಿ ಧೂಳು.

'ನಮ್ಮದೇ ಟಪಾಲು ಬೇಕ್ರಿ' ಅಂದಿದ್ದರು ಸೂರ್ಯಕಾಂತ ಸಾಹುಕಾರರು,
'ಒಳಗಿಂದೊಳಗ ಒಂದು, ಹೊರಗ ಹೋಗೋದು ಒಂದು.
ಮಿಲ್ಲಿನ ಹೆಸರು ಕೊನೀಗೆ ಬರಬೇಕು ನೋಡ್ರಿ,
ಚೀಲದ ಮ್ಯಾಲ ಇದ್ದಂಗ.'

ಒಳಗಿನದು ಹನ್ನೊಂದಕ್ಕೇ ಮುಗಿಯಿತು.
ಹದಿನಾಲ್ಕು ಹೆಸರು, ಹದಿನಾಲ್ಕು ಗುಪ್ತಪದ.
ಗುಪ್ತ ಎಂದರೂ ಎಲ್ಲರೂ ಕೂಗಿಯೇ ಹೇಳಿದರು:
ಒಂಬತ್ತು ಮಂದಿಯದು ಮಕ್ಕಳ ಹೆಸರು,
ಗೋದಾಮಿನ ಬಂಡೆಪ್ಪನದು ಎತ್ತಿನದು.
ಕಾಟಾದ ಲಾಡ್ಲೆಸಾಬ ಒತ್ತಿದ ಮೊದಲ ಪತ್ರ
ಎಪ್ಪತ್ತು ಹೆಜ್ಜೆ ದಾಟಿ ಲೆಕ್ಕದ ಕೋಣೆಗೆ ಬಂತು,
ಗೋಡೆಯಾಚೆ ಗುರುಬಾಯಿ ನಕ್ಕದ್ದು ಕೇಳಿಸಿತು.
ಯಾರೂ ಯಾರನ್ನೂ ಏನೂ ಕೇಳಲಿಲ್ಲ.
ಒಲೆಯಿಂದ ಪಡಸಾಲೆಗೆ ರೊಟ್ಟಿ ಬಂದ ಹಾಗೆ.

ಹೊರಗಿನದು ಬೇರೆ.
ನಾಗಪುರದ ದಲಾಲರಿಗೆ ಒಂದು ಪತ್ರ ಬಿಟ್ಟೆ.
ಅಲ್ಲಿಯ ಬಾಗಿಲು, ತೆರೆಯದೆಯೇ, ಕೇಳಿತು:
ಯಾರು?
ಹೆಸರು ಹೇಳಿದೆ.
ಹೆಸರು ಸರಿ, ವಿಳಾಸ?
ಅಂಕಿ ಹೇಳಿದೆ.
ಆ ಅಂಕಿಯನ್ನು ಕೇಳಿದರೆ ನಿನ್ನ ಹೆಸರು ಹೇಳುತ್ತದೆಯೆ?
ನಿನ್ನ ಪರವಾಗಿ ಸಾಕ್ಷಿ ಯಾರು? ಸಹಿ ಎಲ್ಲಿ?
ಇದಕ್ಕೆ ಮೊದಲು ನಿನ್ನನ್ನು ಕಂಡವರು ಯಾರಾದರೂ ಇದ್ದಾರೆಯೆ?

ಈ ದನಿ ಗೊತ್ತು ನನಗೆ.
ನಿನ್ನೆ ಸಂಜೆ ಹಳೇ ಜೇವರ್ಗಿ ರಸ್ತೆಯ ಓಣಿಯೊಂದರಲ್ಲಿ
ಸೆರಗಿಗೆ ಕೈ ಒರೆಸುತ್ತ ಬಂದ ಅಕ್ಕೋರು
ಚಂದ ಮಾತಾಡಿದರು, ಬಾಡಿಗೆ ಹೇಳಿದರು, ನೀರು ಬರುವ ವಾರ ಹೇಳಿದರು,
ನಲ್ಲಿ ತಿರುಗಿಸಿಯೂ ತೋರಿಸಿದರು. ಆಮೇಲೆ:
'ಸುಜಾತಾ ಅಂದ್ರ್ಯಲ್ಲ, ಮುಂದೇನ್ರಿ?
ಸೇಡಂದಾಗ ಯಾವ ಕಡೆ? ಯಾರ ಪೈಕಿ?'
ಹೇಳಿದೆ.
'ಹೌದೇನ್ರಿ. ನಮ್ಮ ಮನಿಯವರು ಊರಾಗಿಲ್ಲ.
ಎರಡು ದಿನ ಬಿಟ್ಟು ಬರ್ರಿ.'

ನಾನೂರ ಐವತ್ತೊಂದು ಎನ್ನುತ್ತೇವೆ ಇದಕ್ಕೆ, ನಮ್ಮ ಕಸುಬಿನಲ್ಲಿ.
ಇಲ್ಲ ಎಂದಲ್ಲ, ಈಗಲ್ಲ ಎಂದು.
ನಾಗಪುರ ಕಳಿಸಿದ್ದೂ ಅದನ್ನೇ.
ಕಳ್ಳ ಟಪಾಲು ಒಮ್ಮೆ ಬಂದು ಹೋಗುತ್ತದಂತೆ,
ನಿಜವಾದದ್ದು ಮತ್ತೆ ಬರುತ್ತದಂತೆ. ಅದಕ್ಕೇ ಕಾಯಿಸುವುದು.
ಕಾಲು ಗಂಟೆಗೆ, ಅರ್ಧ ಗಂಟೆಗೆ, ಗಂಟೆಗೊಮ್ಮೆ ಕದ ತಟ್ಟಿ
ಐದು ದಿನ. ಐದು ದಿನದ ಮೇಲೆ
ಬರೆದವರಿಗೇ ವಾಪಸು.
ನಾನು ಮನೆ ಹುಡುಕಲು ಹತ್ತಿ ಹನ್ನೆರಡು ದಿನ.

ಕರೆಂಟು ಹೋಯಿತು. ಯುಪಿಎಸ್ ಚೀರಿತು.
ಜನರೇಟರು ಎದ್ದು ಗಂಟಲು ಸರಿ ಮಾಡಿಕೊಂಡಿತು.
ಸಾಕ್ಷಿ ಬರೆದೆ, ಸಹಿಗೊಂದು ಕೀಲಿಕೈ ಕೆತ್ತಿದೆ,
ಅಂಕಿಗೆ ಹೆಸರು ಕಟ್ಟಿಸಲು ಲೈನಿನವರಿಗೆ ಫೋನು, ಮೂರು ಸಲ.
ಮೂರೂ ಹತ್ತಕ್ಕೆ ನಾಗಪುರದ ಉತ್ತರ:
'ಸಿಕ್ಕಿತು. ರೇಟು ಜಾಸ್ತಿಯಾಯಿತು.'
ಸಾಹುಕಾರರಿಗೆ ಖುಷಿಯೋ ಸಿಟ್ಟೋ ತಿಳಿಯಲಿಲ್ಲ, ಚಹಾ ಮಾತ್ರ ಬಂತು.

ಒಂದು ಉಳಿದಿತ್ತು: ನಮ್ಮ ಬಾಗಿಲಿಗೆ ಬರುವ ಹೊಸಬರನ್ನು
ನಾವು ಎಷ್ಟು ಹೊತ್ತು ನಿಲ್ಲಿಸಬೇಕು.
ಮುನ್ನೂರು ಸೆಕೆಂಡು ಎಂದು ಮೊದಲೇ ಬರೆದಿತ್ತು.
ನಿಲ್ಲಿಸದಿದ್ದರೆ ನಾಳೆಯೇ ಲಾಟರಿ, ಲಂಡನ್ನಿನ ವಿಧವೆ,
ಬ್ಯಾಂಕಿನ ವೇಷದವರು. ಬಂಡೆಪ್ಪ ಒತ್ತಿಯೇ ಒತ್ತುತ್ತಾನೆ. ಗೊತ್ತು.
ಗೊತ್ತಿದ್ದೂ ಕರ್ಸರು ಮಿಣುಕುತ್ತ ಕೂತಿತ್ತು, ನಾನೂ.

ಕಿಟಕಿಯಾಚೆ ಕಾಟಾದ ಮೇಲೆ ಲಾರಿಯೊಂದು ಹತ್ತಿ ನಿಂತಿತು.
ಲಾಡ್ಲೆಸಾಬ ತೂಕ ಬರೆದುಕೊಂಡ, ಕೈ ಬೀಸಿದ.

ಮುನ್ನೂರು ಅಳಿಸಿ ಅರವತ್ತು ಬರೆದೆ.
ಆಗ ಟಿಣ್ ಅಂದಿತು. ಹದಿನಾಲ್ಕರಲ್ಲಿ
ಒಂದು ಹೆಸರು ನನಗೂ ಕೊಟ್ಟುಕೊಂಡದ್ದು ಮರೆತಿದ್ದೆ:
'ಮೇಡಂ, ಮೂರೂವರಿ ಆತು. ಬುತ್ತಿ ಅದ,
ಪುಂಡಿಪಲ್ಯ. ಇಬ್ಬರಿಗಾಗ್ತದ. ಬರ್ರಿ.
ಲಾಡ್ಲೆಸಾಬ, ಕಾಟಾ.'